ಹಿಂದೆ ಕುಳಿತ ಗಾಡಿ

ಮುಂಬೈಯಲ್ಲಿ ಗಣಪತಿ ಹಬ್ಬ ಹತ್ತಿರ ಬಂತೆಂದರೆ ಪಿಕಪ್ ಗಾಡಿಯವರಿಗೆ ಸುಗ್ಗಿ. ಮಂಟಪದ ಬಿದಿರು, ಸೌಂಡ್ ಪೆಟ್ಟಿಗೆ, ಲೈಟಿನ ಸರ, ಅದರ ಹಿಂದೆ ಕೊಂಡಿ ಹಾಕಿ ಎಳೆಯುವ ಜನರೇಟರ್ ಟ್ರಾಲಿ. ತುರ್ಭೆಯಲ್ಲಿರುವ ನಮ್ಮ ಕಾಕಾ ವರ್ಷವಿಡೀ ಎಪಿಎಂಸಿ ಮಾರುಕಟ್ಟೆಯ ಉಳ್ಳಾಗಡ್ಡಿ, ಬಟಾಟೆ ಸಾಗಿಸುತ್ತಾರೆ. ಗಾಡಿಯ ಕಂತು ಒಂದೆರಡು ಹಿಂದೆ ಬಿದ್ದಿದ್ದರೆ ಅದನ್ನು ತೀರಿಸುವುದು ಹಬ್ಬದ ಬಾಡಿಗೆಯಲ್ಲೇ. ವಿಜಯಪುರದ ಕಡೆಯ ಒಣಭೂಮಿಯನ್ನು ಅಣ್ಣತಮ್ಮಂದಿರಿಗೆ ಬಿಟ್ಟು ಬಂದ ಅವರಿಗೆ ಈ ಪಿಕಪ್ಪೇ ಹೊಲ, ಇದೇ ಎತ್ತು.

ಕಳೆದ ಸಲ ಟ್ರಾಲಿ ಕಟ್ಟಿದ ಕೂಡಲೇ ಗಾಡಿಯ ಹಿಂಭಾಗ ನೆಲದ ಕಡೆ ಜಗ್ಗಿತು, ಮೂತಿ ಮೇಲೆದ್ದಿತು. ರಾತ್ರಿ ಶಿಳಫಾಟಾ ದಾಟಿ ಮುಂಬ್ರಾ ಬೈಪಾಸ್ ಹಿಡಿದರೆ ಎದುರಿನವರು ಡಿಪ್ಪರ್ ಹೊಡೆದು ಬೈಯುತ್ತಿದ್ದರು, ಏಕೆಂದರೆ ಕಾಕಾನ ಹೆಡ್‌ಲೈಟು ನೇರ ಅವರ ಕಣ್ಣಿಗೇ ಬೀಳುತ್ತಿತ್ತು. "ಸ್ಟೇರಿಂಗ್ ಹಗುರ ಆಗೇತಿ, ತೇಲಿದಂಗ ಅನಸ್ತೈತಿ. ಎರಡು ಪಾಟಾ ಜಾಸ್ತಿ ಹಾಕಸ್ತೀನಿ, ಮುಗೀತು" ಎಂದರು. ಮೆಕ್ಯಾನಿಕಲ್ ಓದಿ ಐರೋಲಿಯ ಸಾಫ್ಟ್‌ವೇರ್ ಕಚೇರಿಯಲ್ಲಿ ಕುಳಿತಿರುವ ನನಗೆ, ಓದಿದ್ದು ಕೆಲಸಕ್ಕೆ ಬಂದ ಅಪರೂಪದ ಭಾನುವಾರ ಅದು.

ಮೊದಲು ನೋಡಬೇಕಾದ್ದು ಪಾಟಾಗಳೇ ದಣಿದಿವೆಯೋ ಅಥವಾ ಭಾರವೇ ತಪ್ಪು ಜಾಗದಲ್ಲಿದೆಯೋ ಎಂಬುದನ್ನು. ಖಾಲಿ ಗಾಡಿಯನ್ನು ಸಮ ನೆಲದಲ್ಲಿ ನಿಲ್ಲಿಸಿ, ಚಕ್ರದ ನಡುವಿನಿಂದ ಮೇಲಿನ ಕಮಾನಿನ ಅಂಚಿನವರೆಗೆ ಎರಡೂ ಬದಿ ಅಳೆದೆವು. ಎತ್ತರ ಎರಡೂ ಕಡೆ ಒಂದೇ ಇತ್ತು, ಪಾಟಾಗಳ ಬಾಗು ಸರಿಯಿತ್ತು, ಯಾವ ಪಟ್ಟಿಯೂ ಸೀಳಿರಲಿಲ್ಲ. ಖಾಲಿ ಇದ್ದಾಗಲೂ ಕುಳಿತಿದ್ದರೆ ಪಾಟಾ ಬದಲಿಸಬೇಕಿತ್ತು. ಇಲ್ಲಿ ಸಮಸ್ಯೆ ಭಾರದ್ದು.

ಲೆಕ್ಕ ಸರಳ. ಟ್ರಾಲಿಯ ತೂಕದಲ್ಲಿ ನೂರಕ್ಕೆ ಸುಮಾರು 10ರಿಂದ 15 ಪಾಲು ಕೊಂಡಿಯ ಮೇಲೆ ಕೂರಬೇಕು. ಅದಕ್ಕಿಂತ ಕಡಿಮೆಯಾದರೆ ಟ್ರಾಲಿ ಹಾವಿನಂತೆ ಓಲಾಡುತ್ತದೆ. 900 ಕಿಲೋ ಟ್ರಾಲಿಯಿಂದ ಕೊಂಡಿಗೆ 120 ಕಿಲೋ ಬಂತೆನ್ನಿ. ಆದರೆ ಕೊಂಡಿ ಇರುವುದು ಹಿಂದಿನ ಆಕ್ಸಲ್‌ಗಿಂತಲೂ ಹಿಂದೆ, ಹಾಗಾಗಿ ಅದು ಸನ್ನೆಗೋಲು. ಆಕ್ಸಲ್‌ನಿಂದ ಕೊಂಡಿಗೆ 1.2 ಮೀಟರ್, ಎರಡು ಆಕ್ಸಲ್‌ಗಳ ನಡುವೆ 3 ಮೀಟರ್ ಎಂದು ಹಿಡಿದರೆ, ಮುಂದಿನ ಚಕ್ರಗಳ ಮೇಲಿಂದ 48 ಕಿಲೋ ಏಳುತ್ತದೆ, ಹಿಂದಿನವುಗಳ ಮೇಲೆ 168 ಕಿಲೋ ಬೀಳುತ್ತದೆ. ಸ್ಟೇರಿಂಗ್ ತೇಲಿದಂತಾಗಲು ಕಾರಣ ಆ ಎದ್ದ 48 ಕಿಲೋ.

"ಅದಕ್ಕ ಪಾಟಾ ಹಾಕೂದು" ಅಂದರು ಕಾಕಾ.

"ಪಾಟಾ ಹಾಕಿದ್ರ ಗಾಡಿ ಮ್ಯಾಲೇಳ್ತೈತಿ ಕಾಕಾ, ಮುಂದಿಂದು ತೂಕ ತಿರುಗಿ ಬರಂಗಿಲ್ಲ. ಆಕ್ಸಲ್, ಟಯರ್, ಬ್ರೇಕ್ ಇದ್ದದ್ದ ಇರ್ತಾವಲ್ರಿ."

ಈ ಮಾತು ಒಪ್ಪಿಸುವುದೇ ಕಷ್ಟ. ಗಾಡಿ ಮಟ್ಟವಾಗಿ ಕಂಡರೆ ಭಾರ ಕಡಿಮೆಯಾಯಿತೆಂದು ಕಣ್ಣು ನಂಬುತ್ತದೆ, ಇನ್ನೂ ನಾಲ್ಕು ಚೀಲ ಏರಿಸಲು ಕೈ ಧೈರ್ಯ ಮಾಡುತ್ತದೆ. ಪಾಟಾ ಸೇರಿಸಿದ ಖಾಲಿ ಗಾಡಿ ಮಳೆಗಾಲದ ಗುಂಡಿಗಳಲ್ಲಿ ಹಿಂದಿನಿಂದ ಪುಟಿಯುತ್ತದೆ ಬೇರೆ. ಕಾಯ್ದೆಯೂ ಸುಮ್ಮನಿಲ್ಲ: 2019ರ ತಿದ್ದುಪಡಿಯ ನಂತರ ಮಿತಿಮೀರಿದ ಭಾರಕ್ಕೆ 20,000 ರೂಪಾಯಿ, ಹೆಚ್ಚುವರಿ ಪ್ರತಿ ಟನ್ನಿಗೆ ಮತ್ತೆ 2,000 ದಂಡ.

ಪಾಟಾದ ಬದಲು ಸಾಮಾನನ್ನೇ ಜರುಗಿಸಿದೆವು. ತಾಮ್ರದ ಕೇಬಲ್ ಸುರುಳಿ, ಡೀಸೆಲ್ ಕ್ಯಾನುಗಳನ್ನು ಇಳಿಸಲು ಸುಲಭವೆಂದು ಹಿಂಬಾಗಿಲ ಹತ್ತಿರವೇ ಪೇರಿಸುವುದು ರೂಢಿ. ಅವನ್ನು ಕ್ಯಾಬಿನ್ನಿಗೆ ತಾಗಿಸಿ ಕಟ್ಟಿದೆವು. ಟ್ರಾಲಿಯ ಮುಂತುದಿಯಲ್ಲಿದ್ದ ಹೆಚ್ಚಿನ ಬ್ಯಾಟರಿ, ಸರಪಳಿಗಳನ್ನೂ ತೆಗೆದು ಅಲ್ಲೇ ಇಟ್ಟೆವು. ಟಯರ್ ಗಾಳಿ ಸರಿಮಾಡಿದೆವು. ನಂತರ ಧರಮ್‌ಕಾಟಾಗೆ ಹೋಗಿ ಮೊದಲು ಬರೀ ಮುಂದಿನ ಚಕ್ರ, ಆಮೇಲೆ ಹಿಂದಿನವು, ಹೀಗೆ ಬೇರೆಬೇರೆ ತೂಗಿಸಿ, ಆ ಚೀಟಿಗಳನ್ನು ಆಕ್ಸಲ್ ಮಿತಿಯ ಜೊತೆ ಹೋಲಿಸಿದೆವು. ಗಾಡಿ ಸ್ವಲ್ಪ ಬಾಗಿಯೇ ಇತ್ತು, ಆದರೆ ಮಿತಿಯೊಳಗಿತ್ತು. ಹೆಡ್‌ಲೈಟನ್ನು ಸ್ಕ್ರೂ ತಿರುಗಿಸಿ ಕೆಳಗಿಳಿಸಿದೆವು.

ನಿಜವಾದ ಪರೀಕ್ಷೆ ಬಂದದ್ದು ನಾಲ್ಕು ದಿನದ ಮೇಲೆ. ಗುತ್ತಿಗೆದಾರ ಇನ್ನೂ ದೊಡ್ಡ ಜನರೇಟರ್ ಎಳೆಯಲು ಕರೆದ. ಬಾಡಿಗೆ ಹೆಚ್ಚುಕಡಿಮೆ ದುಪ್ಪಟ್ಟು. ಕಾಕಾ ಜೇಬಿನಿಂದ ಕಾಟಾ ಚೀಟಿ ತೆಗೆದು ಒಂದಿಷ್ಟು ಹೊತ್ತು ನೋಡಿದರು. "ನಂದು ಆಗಂಗಿಲ್ರಿ, ದೊಡ್ಡ ಗಾಡಿ ನೋಡ್ರಿ" ಎಂದು ಫೋನಿಟ್ಟರು. ಅರ್ಧ ಗಂಟೆಯಲ್ಲಿ ಇನ್ಯಾರೋ ಆ ಬಾಡಿಗೆ ಒಪ್ಪಿಕೊಂಡ ಸುದ್ದಿ ಬಂತು. ಅವರದೂ ಅಷ್ಟೇ ಅಳತೆಯ ಪಿಕಪ್, ಹೊಸದಾಗಿ ಪಾಟಾ ಹಾಕಿಸಿದ್ದು.

ಆ ತಿಂಗಳು ಊರಿಗೆ ಹೋದ ಹಣ ಕಡಿಮೆಯಾಯಿತು. ಯಾಕೆಂದು ಅಜ್ಜಿ ಫೋನಿನಲ್ಲಿ ಕೇಳಿದಾಗ ಕಾಕು ಉತ್ತರ ಕೊಟ್ಟರು: "ಈ ಸಲ ಗಾಡಿ ಎಷ್ಟು ಹೊರತೈತೋ ಅಷ್ಟ ಹೊರಸ್ಯಾರವ್ವಾ."