ರಾಯಕೋಟೆ ಟಿಪ್ಪಣಿಗಳು: ಜಪ ಹೇಳಿಕೊಡುವವರು ಯಾರು?

ಕೂಸೊಂದರ ಜ್ಞಾನಸ್ನಾನಕ್ಕೆ ಕರೆದಿದ್ದರು, ಹೋಗಿದ್ದೆ. ನಾನು ಕ್ರೈಸ್ತಳಲ್ಲ, ಹಿಂದಿನ ಬೆಂಚಿನಲ್ಲಿ ಕೂತು ನೋಡಿದೆ. ಗುರುಗಳು ಮಗುವಿನ ಹಣೆಗೆ ಶಿಲುಬೆ ಗುರುತು ಹಾಕಿದರು. ಆಮೇಲೆ ಅಪ್ಪ ಹಾಕಿದ, ಅಮ್ಮ ಹಾಕಿದಳು. ಅಪ್ಪನ ಕೈ ನಡುಗುತ್ತಿತ್ತು. ಈ ಮಗುವನ್ನು ವಿಶ್ವಾಸದಲ್ಲಿ ಬೆಳೆಸುವ ಹೊಣೆ ನಿಮ್ಮದು, ತಿಳಿದಿದೆಯೇ ಎಂದು ಅವರಿಬ್ಬರನ್ನೇ ಕೇಳಿದರು. ಜ್ಞಾನಪಿತ, ಜ್ಞಾನಮಾತೆಯರನ್ನು ಕೇಳಿದ್ದು ನಂತರ. ಕೊನೆಯ ಆಶೀರ್ವಾದದಲ್ಲೂ ತಂದೆತಾಯಿಯೇ ಮೊದಲ ಉಪಾಧ್ಯಾಯರು ಎಂಬ ಮಾತು ಬಂತು.

*

ಮನೆಗೆ ಬಂದಮೇಲೆ ಹುಡುಕಿ ಓದಿದೆ. ಎರಡನೇ ವ್ಯಾಟಿಕನ್ ಸಭೆ 1965ರ ಅಕ್ಟೋಬರ್ 28ರಂದು ಹೊರಡಿಸಿದ ಶಿಕ್ಷಣದ ಘೋಷಣೆ ಇದನ್ನೇ ಹೇಳುತ್ತದೆ. 1983ರ ಧರ್ಮಸಭೆಯ ಕಾನೂನಿನ 774ನೇ ವಿಧಿ ಇನ್ನೂ ನೇರ: ಮಾತಿನಿಂದಲೂ ನಡತೆಯಿಂದಲೂ ಮಕ್ಕಳನ್ನು ವಿಶ್ವಾಸದಲ್ಲಿ ರೂಪಿಸುವ ಹೊಣೆ ಬೇರೆಲ್ಲರಿಗಿಂತ ಮೊದಲು ತಂದೆತಾಯಿಗೆ ಸೇರಿದ್ದು. ಧರ್ಮಪಾಠದ ಟೀಚರು ಆಮೇಲೆ.

ಹಾಗಿದ್ದರೆ ಪಕ್ಕದ ಮನೆಯಲ್ಲಿ ನಾನು ಕಾಣುತ್ತಿರುವುದು ಏನು?

*

ಆ ಮನೆಯ ಹುಡುಗ ಎರಡನೇ ಕ್ಲಾಸು. ಮನೆಮಾತು ಕನ್ನಡ, ಚರ್ಚಿನ ಪೂಜೆ ತಮಿಳಿನಲ್ಲಿ, ಸ್ಕೂಲು ಇಂಗ್ಲಿಷಿನಲ್ಲಿ. ಸಂಜೆ ಲೆಕ್ಕದ ಪುಸ್ತಕ ಬಿಚ್ಚಿದರೆ ಅಮ್ಮ ಪಕ್ಕದಲ್ಲೇ ಕೂರುತ್ತಾಳೆ. ಅವಳಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೂ ಹಿಂಜರಿಯುವುದಿಲ್ಲ. ಬೆರಳಿಟ್ಟು ಓದಿಸುತ್ತಾಳೆ, ತಪ್ಪಿದರೆ ಅಳಿಸಿ ಬರೆಸುತ್ತಾಳೆ. ಅದೇ ಹುಡುಗ ಒಂದು ದಿನ "ಅಮ್ಮಾ, ತಾತ ಸತ್ತೋದ್ರಲ್ಲ, ಯೇಸುಸ್ವಾಮಿ ಥರ ಯಾಕೆ ಎದ್ದು ಬರ್ಲಿಲ್ಲ?" ಅಂದ. "ಭಾನುವಾರ ಮರೈಕಲ್ವಿ ಕ್ಲಾಸಲ್ಲಿ ಕೇಳು" ಅಂದಳು. ಮರೈಕಲ್ವಿ ಎಂದರೆ ತಮಿಳಿನಲ್ಲಿ ಧರ್ಮಪಾಠ.

ನಾನು ಕೇಳಿದೆ, ನೀನೇ ಹೇಳಬಹುದಿತ್ತಲ್ಲ? "ನಂಗೇನು ಗೊತ್ತಕ್ಕ? ತಪ್ಪು ಹೇಳ್ಬಿಟ್ರೆ?"

ಗೊತ್ತಿಲ್ಲದ ಇಂಗ್ಲಿಷಿನಲ್ಲಿ ತಪ್ಪಾದೀತು ಎಂಬ ಭಯ ಅವಳಿಗಿಲ್ಲ. ಹುಟ್ಟಿದಾಗಿನಿಂದ ಹೇಳಿಕೊಂಡು ಬಂದ ಜಪದಲ್ಲಿ ಇದೆ. ಇದು ನನಗೆ ಬಗೆಹರಿಯುತ್ತಿಲ್ಲ. ಮಾವ ತೀರಿಕೊಂಡಾಗ ಮೂರು ರಾತ್ರಿ ಮೊಳಕಾಲೂರಿ ಜಪಸರ ಹೇಳಿದವಳು ಅವಳೇ. ಹುಡುಗನ ಪ್ರಶ್ನೆಗೆ ಉತ್ತರವನ್ನು ಅವಳಷ್ಟು ಬಲ್ಲವರು ಆ ಕ್ಲಾಸಿನಲ್ಲಿ ಯಾರಿದ್ದಾರು?

*

ಇಲ್ಲಿಯ ಪೂಜೆ ತಮಿಳಿಗೆ ಹೋದದ್ದರ ಹಿಂದೆ ದೊಡ್ಡ ಕಥೆಯೇ ಇದೆ. ರಾಯಕೋಟೆಯ ದುರ್ಗ 1791ರಲ್ಲಿ ಕಂಪನಿ ಸೈನ್ಯಕ್ಕೆ ಬಿತ್ತು. ಮರುವರ್ಷದ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಈ ಭಾಗದ ಬಾರಾಮಹಲ್ ಸೀಮೆ ಮೈಸೂರಿನ ಕೈತಪ್ಪಿತು. ಮುಂದೆ ಮದ್ರಾಸು ಪ್ರಾಂತ್ಯ, ಸೇಲಂ ಜಿಲ್ಲೆ, ಈಗ ತಮಿಳುನಾಡು. 1997ರಲ್ಲಿ ಸೇಲಂ ಧರ್ಮಪ್ರಾಂತ್ಯದಿಂದ ಧರ್ಮಪುರಿ ಧರ್ಮಪ್ರಾಂತ್ಯ ಬೇರೆಯಾದಾಗ ಕೃಷ್ಣಗಿರಿ ಕಡೆಯ ಊರುಗಳೂ ಅದಕ್ಕೆ ಸೇರಿದವು. ಇದಕ್ಕೆಲ್ಲ ಬಹಳ ಮೊದಲೇ, 17ನೇ ಶತಮಾನದ ನಡುವಿನಲ್ಲಿ, ಲಿಯೊನಾರ್ದೊ ಚಿನ್ನಮಿ ಎಂಬ ಇಟಲಿಯ ಜೆಸ್ವಿಟ್ ಗುರು ಶ್ರೀರಂಗಪಟ್ಟಣದಲ್ಲಿ ಕೂತು ಕನ್ನಡದಲ್ಲೇ ಧರ್ಮೋಪದೇಶ ಬರೆದಿದ್ದರು. ಆ ಹುಡುಗನ ಅಜ್ಜಿ ಹೇಳುವ ಕನ್ನಡ ಜಪಕ್ಕೆ ಅಷ್ಟು ಹಳೆಯ ಬೇರು ಇದ್ದೀತು.

*

ಜಪ ಹೇಳಿಕೊಡಲು ಗುರುಗಳೇ ಇಲ್ಲದ ಕಾಲವೂ ಇತ್ತು. 1784ರಲ್ಲಿ ಟಿಪ್ಪು ಕೆನರಾದ ಕ್ಯಾಥೊಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಬಿಡುಗಡೆ 1799ರಲ್ಲಿ. ದಾರಿಯಲ್ಲಿ, ಸೆರೆಯಲ್ಲಿ ಸತ್ತವರು ಬಹಳ. ಪಾದ್ರಿಗಳನ್ನು ಊರುಬಿಡಿಸಲಾಗಿತ್ತು, ಚರ್ಚುಗಳನ್ನು ಕೆಡವಲಾಗಿತ್ತು. ಆ 15 ವರ್ಷದಲ್ಲಿ ಹುಟ್ಟಿದ ಮಕ್ಕಳೂ ಮಂಗಳೂರಿಗೆ ಮರಳಿದವರಲ್ಲಿ ಇದ್ದಿರಲೇಬೇಕು. ಅವರಿಗೆ ಪರಲೋಕ ಮಂತ್ರ ಯಾರು ಹೇಳಿಕೊಟ್ಟರು? ಪುಸ್ತಕವಂತೂ ಅಲ್ಲ. ಇದನ್ನು ನೆನೆದಾಗಲೆಲ್ಲ ಪಕ್ಕದ ಮನೆಯವಳ "ನಂಗೇನು ಗೊತ್ತಕ್ಕ" ಕೇಳಿ ಸಂಕಟವಾಗುತ್ತದೆ.

*

ಇನ್ನು ಆ ಹುಡುಗನ ಅಪ್ಪನ ವಿಷಯ. ರಾಯಕೋಟೆಯ ಟೊಮೇಟೊ ಮಂಡಿಯಲ್ಲಿ ಕೆಲಸ. ಬೆಳಕು ಹರಿಯುವ ಮೊದಲೇ ಹೋಗುತ್ತಾನೆ, ಲೋಡು ಇದ್ದರೆ ಭಾನುವಾರವೂ. ಪೂಜೆ ತಪ್ಪುತ್ತದೆ. ಆದರೆ ಗಾಡಿ ಹತ್ತುವ ಮೊದಲು, ಮಲಗಿರುವ ಮಗನ ಹಣೆ ಮೇಲೆ ಹೆಬ್ಬೆರಳಿನಿಂದ ಶಿಲುಬೆ ಗುರುತು ಹಾಕುತ್ತಾನೆ ಎಂದು ಹೆಂಡತಿಯೇ ಹೇಳಿದಳು. ಅದನ್ನು ಅವಳು ಧರ್ಮಶಿಕ್ಷಣದ ಲೆಕ್ಕಕ್ಕೆ ಹಿಡಿದೇ ಇಲ್ಲ. ನಾನು ಹಿಡಿಯುತ್ತೇನೆ. ಆದರೆ ಎಚ್ಚರವಿರುವ ಮಗನಿಗೆ ಅಪ್ಪ ಏಕೆ ಹಾಗೆ ಮಾಡುತ್ತಾನೆಂದು ಒಂದು ಸಲವಾದರೂ ಹೇಳಬೇಡವೇ?

*

ಅಕ್ಟೋಬರ್, ಜಪಸರದ ತಿಂಗಳು. ಹುಡುಗ ತಮಿಳಿನಲ್ಲಿ ಶುರುಮಾಡುತ್ತಾನೆ, ಅಜ್ಜಿ ಕನ್ನಡದಲ್ಲಿ ಮುಗಿಸುತ್ತಾಳೆ. ಯಾರೂ ಯಾರನ್ನೂ ತಿದ್ದುವುದಿಲ್ಲ. ಅಮ್ಮ ಮಾತ್ರ ತುಟಿ ಅಲ್ಲಾಡಿಸುತ್ತಾಳೆ, ದನಿ ತೆಗೆಯುವುದಿಲ್ಲ.

*

ಮುಂದಿನ ವರ್ಷ ಹುಡುಗನಿಗೆ ಪ್ರಥಮ ಪರಮಪ್ರಸಾದ. 1910ರಲ್ಲಿ ಹತ್ತನೇ ಪಿಯುಸ್ ಜಗದ್ಗುರುಗಳು ಅದರ ವಯಸ್ಸನ್ನು ಏಳರ ಆಸುಪಾಸಿಗೆ ಇಳಿಸಿದಾಗ, ಮಗು ಸಿದ್ಧವಾಗಿದೆಯೇ ಎಂದು ತೀರ್ಮಾನಿಸುವುದರಲ್ಲಿ ತಂದೆಗೂ ಪಾಲು ಕೊಟ್ಟಿದ್ದರು. ಇಲ್ಲಿ ತೀರ್ಮಾನವೆಲ್ಲ ಭಾನುವಾರದ ಕ್ಲಾಸಿನ ಹಾಜರಿ ಪುಸ್ತಕದ್ದೇ ಆಗಿಬಿಟ್ಟರೆ? ತಯಾರಿಯ ತಿಂಗಳುಗಳಲ್ಲಿ ವಾರಕ್ಕೊಂದು ಪಾಠವನ್ನು ಮನೆಯಲ್ಲಿ, ಮನೆಮಾತಿನಲ್ಲಿ, ತಂದೆತಾಯಿಯೇ ಹೇಳಿಕೊಡಲಿ ಎಂದು ಗುರುಗಳ ಹತ್ತಿರ ಯಾರಾದರೂ ಕೇಳಬೇಕು. ನಾನು ಹೊರಗಿನವಳು. ಮಂಡಿಗೆ ರಜೆಯಿರುವ ದಿನ ಗಂಡಹೆಂಡತಿ ಇಬ್ಬರೂ ಹೋಗಿ ಕೇಳಲಿ ಎಂದು ಹೇಳಿದ್ದೇನೆ. ಇನ್ನೂ ಹೋಗಿಲ್ಲ.