ಕರಾವಳಿಯ ಫಿಯೆಟ್ಟೂ ಟಿಂಕರಿಂಗ್ ಮೇಸ್ತ್ರಿಯೂ

ಫಿಯೆಟ್ ಕಾರಿಗೆ ಲಾರಿಯಂತೆ ಬೇರೆಯದೇ ಚಾಸಿಸ್ ಇಲ್ಲ. ನೆಲದ ತಗಡು, ಬಾಗಿಲ ಕೆಳಗಿನ ಪಟ್ಟಿ, ಬಾಗಿಲು ನಿಲ್ಲುವ ಕಂಬ ಇವೆಲ್ಲ ಸೇರಿಯೇ ಭಾರ ಹೊರಬೇಕು. ಹಾಗಾಗಿ ಆ ಕಾರಿಗೆ ತುಕ್ಕು ಹಿಡಿಯಿತೆಂದರೆ ಅಂದ ಕೆಟ್ಟಿತು ಎಂದಷ್ಟೇ ಅಲ್ಲ. ಮಂಗಳೂರು, ಉಡುಪಿ ಕಡೆ ವರ್ಷಕ್ಕೆ 3,500 ಮಿಲಿಮೀಟರಿನ ಆಸುಪಾಸು ಮಳೆ, ಮಳೆ ಬಿಟ್ಟರೆ ಕಡಲಿನ ಉಪ್ಪುಗಾಳಿ. ಅದೂ ಸಾಲದೆಂಬಂತೆ ಹೆದ್ದಾರಿಯುದ್ದಕ್ಕೂ ಮೀನಿನ ಲಾರಿಗಳು ಸುರಿಸಿಕೊಂಡು ಹೋಗುವ ನೀರು. ಹೊರಗೆ ಫಳಫಳ ಹೊಳೆಯುವ ಕಾರಿನೊಳಗೆ ಕಾಲಡಿಯ ರಬ್ಬರ್ ಮ್ಯಾಟ್ ಎತ್ತಿದರೆ ರಸ್ತೆ ಕಾಣುತ್ತಿತ್ತು.

1980ರ ದಶಕದಲ್ಲಿ ನಮ್ಮ ಮನೆಯ ಪಕ್ಕದಲ್ಲೇ ಒಂದು ಟಿಂಕರಿಂಗ್ ಶೆಡ್ ಇತ್ತು. ಶಾಲೆ ಬಿಟ್ಟ ಮೇಲೆ ನಾನು ಅಲ್ಲೇ. ಕಾರ್ಬೈಡ್ ಕಲ್ಲಿಗೆ ನೀರು ತಾಗಿಸಿ ಗ್ಯಾಸ್ ಮಾಡುವಾಗಿನ ಆ ಕೊಳಕು ವಾಸನೆ ನಮ್ಮ ಅಡುಗೆಮನೆಗೂ ಬರುತ್ತಿತ್ತು. ಉಳಿದ ಬಿಳಿ ಕೆಸರನ್ನು ಬೇಲಿಯ ಹತ್ತಿರ ಚೆಲ್ಲುತ್ತಿದ್ದರು. ಅದು ಸುಣ್ಣವೇ ಆದ್ದರಿಂದ ಯಾರೋ ಕೊಂಡುಹೋಗಿ ತೆಂಗಿನ ಬುಡಕ್ಕೆ ಬಳಿಯುತ್ತಿದ್ದರು. ತೇಪೆಗೆ ಬೇಕಾದ ತಗಡು ಬರುತ್ತಿದ್ದದ್ದು ಹಳೆಯ ಎಣ್ಣೆ ಡ್ರಮ್ಮಿನಿಂದ. ಡ್ರಮ್ಮನ್ನು ಸೀಳಿ, ಬಡಿದು ಚಪ್ಪಟೆ ಮಾಡಿದರೆ ಕಾರಿನ ತಗಡಿಗಿಂತ ಒಂದು ಕೈ ದಪ್ಪದ ಶೀಟು ತಯಾರು.

ರಿಪೇರಿ ಮಾಡಿಸುವುದೋ ಬೇಡವೋ ಎಂಬ ಪ್ರಶ್ನೆಯನ್ನು ಆಗ ಯಾರೂ ಕೇಳುತ್ತಿರಲಿಲ್ಲ. ಹೊಸ ಫಿಯೆಟ್ಟಿಗೆ, ಅಂದರೆ ಆಗಿನ ಹೆಸರಿನಲ್ಲಿ ಪದ್ಮಿನಿಗೆ, ಬುಕ್ ಮಾಡಿದವರು ವರ್ಷಗಟ್ಟಲೆ ಕಾಯಬೇಕಿತ್ತು. ಇದ್ದದ್ದನ್ನೇ ಓಡಿಸಬೇಕು, ಓಡಿಸಲು ತೇಪೆ ಹಾಕಬೇಕು. ಮೇಸ್ತ್ರಿ ತೀರ್ಮಾನಿಸಬೇಕಾದದ್ದು ಎಷ್ಟು ಕತ್ತರಿಸಬೇಕು ಎಂಬುದನ್ನು ಮಾತ್ರ. ಅದಕ್ಕೆ ಅವರ ಹತ್ತಿರ ಇದ್ದದ್ದು ಸಣ್ಣ ಸುತ್ತಿಗೆ ಮತ್ತು ಹಳೆಯ ಸ್ಕ್ರೂಡ್ರೈವರ್. ಗಟ್ಟಿ ತಗಡಿನ ಮೇಲೆ ಸುತ್ತಿಗೆ ಟಣ್ ಎನ್ನುತ್ತದೆ, ಪುಟ್ಟಿ ಮೆತ್ತಿದಲ್ಲಿ ಸದ್ದು ಸಾಯುತ್ತದೆ, ಒಳಗಿನಿಂದ ತಿಂದುಹೋದಲ್ಲಿ ಚರ್ರೆಂದು ಪುಡಿ ಉದುರುತ್ತದೆ. ಸ್ಕ್ರೂಡ್ರೈವರ್ ಚುಚ್ಚಿ ಎಲ್ಲಿಯವರೆಗೆ ಒಳಗೆ ಹೋಗುತ್ತದೋ ಅಲ್ಲಿಂದಲೂ ಎರಡು ಬೆರಳು ಆಚೆಗೆ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದರು. ಗೆರೆಯ ಒಳಗೆ ಒಳ್ಳೆಯ ತಗಡು ಇದ್ದರೂ ಅದು ಹೋಗಬೇಕು. ತೆಳುವಾದ ಅಂಚಿಗೆ ವೆಲ್ಡಿಂಗ್ ಹಿಡಿಯುವುದಿಲ್ಲ, ತೂತು ಬೀಳುತ್ತದೆ.

ಅವರ ದೊಡ್ಡ ಪರೀಕ್ಷೆ ಜಾಕಿನದು. ನಡುವೆ ಜಾಕ್ ಕೊಟ್ಟು ಒಂದು ಪಕ್ಕವನ್ನು ಎತ್ತಿ, ಬಾಗಿಲು ತೆಗೆದು ಹಾಕಿ ನೋಡುವುದು. ಎತ್ತುವ ಮೊದಲು ಸಲೀಸಾಗಿ ಕೂರುತ್ತಿದ್ದ ಬಾಗಿಲು ಎತ್ತಿದ ಮೇಲೆ ಕಂಬಕ್ಕೆ ಉಜ್ಜಿತೋ, ಕೆಳಗಿನ ಪಟ್ಟಿಯಲ್ಲಿ ಬಲ ಉಳಿದಿಲ್ಲವೆಂದೇ ಅರ್ಥ. ಮಾಲೀಕರು ಬಣ್ಣದ ಮಾತು ತೆಗೆದರೆ, "ಮೇಲೆ ಬಣ್ಣ ಎಂತ ಮಾಡ್ಲಿಕ್ಕೆ ಮಾರಾಯ್ರೇ, ಅಡಿಯಲ್ಲಿ ತಗಡೇ ಇಲ್ಲ" ಎನ್ನುತ್ತಿದ್ದರು. ಪಟ್ಟಿ ಕತ್ತರಿಸುವ ಮೊದಲು ಬಾಗಿಲ ಜಾಗದಲ್ಲಿ ಅಡ್ಡಕ್ಕೊಂದು ಪೈಪು ವೆಲ್ಡ್ ಮಾಡುವುದನ್ನು ಅವರು ಎಂದೂ ಬಿಟ್ಟವರಲ್ಲ. ಬಿಟ್ಟರೆ ಕಾರು ನಡುವಿನಲ್ಲಿ ಕುಸಿಯುತ್ತದೆ, ಆಮೇಲೆ ಯಾವ ಬಾಗಿಲೂ ಕೂರುವುದಿಲ್ಲ.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ನಮ್ಮ ಶೆಡ್ಡಿಗೆ ಅದರ ಬಿಸಿ ತಟ್ಟಿದ್ದು ತಡವಾಗಿ. ಮಡ್‌ಗಾರ್ಡ್ ಜಜ್ಜಿದರೆ ಬೋಲ್ಟ್ ಬಿಚ್ಚಿ ಹೊಸದು ಹಾಕಿದರಾಯಿತು. ಬಡಿದು ಸರಿಮಾಡುವ ಕೂಲಿಗಿಂತ ಬಿಡಿಭಾಗವೇ ಅಗ್ಗ. ಕೈಕೆಲಸ ಬಲ್ಲ ಹುಡುಗರು ಗಲ್ಫಿನ ಗ್ಯಾರೇಜುಗಳಿಗೆ ಹೊರಟರು. ಹೊಸ ಶತಮಾನದ ಹೊತ್ತಿಗೆ ಪದ್ಮಿನಿಯ ತಯಾರಿಕೆಯೂ ನಿಂತಿತು.

ಈಗ ಅದೇ ಶೆಡ್ಡನ್ನು ಮೇಸ್ತ್ರಿಯ ಶಿಷ್ಯರೊಬ್ಬರು ನಡೆಸುತ್ತಾರೆ. ಕಾರ್ಬೈಡ್ ಹೋಗಿ ಸಿಒ2 ವೆಲ್ಡಿಂಗ್ ಬಂದಿದೆ, ತಗಡು ಅಷ್ಟಾಗಿ ಕಾದು ಸೊಟ್ಟಗಾಗುವುದಿಲ್ಲ. ಗಿರಾಕಿಗಳೂ ಬೇರೆ: ಬೆಂಗಳೂರಿನಿಂದಲೋ ಮಸ್ಕತ್ತಿನಿಂದಲೋ ಬಂದು, ಅಪ್ಪನ ಕಾರನ್ನು ಮೊದಲಿನಂತೆ ಮಾಡಿಕೊಡಿ ಎನ್ನುವವರು. ಈ ಕಾರು ಓಡಲೇಬೇಕೆಂಬ ಒತ್ತಾಯ ಅವರಿಗೆ ಯಾರದೂ ಇಲ್ಲ. ಮಾಡಿಸುವುದೋ ಬೇಡವೋ ಎಂಬ ಪ್ರಶ್ನೆ ಹುಟ್ಟಿದ್ದೇ ಹಾಗೆ.

ನನ್ನನ್ನು ಕೇಳಿದವರಿಗೆ ನಾನು ಹೇಳುವುದಿಷ್ಟು. ನೆಲ ಪೂರ್ತಿ ಹೋಗಿದ್ದರೂ ಹೆದರಬೇಡಿ, ಅದು ಚಪ್ಪಟೆ ತಗಡು, ಹೊಸದಾಗಿ ಕೂರಿಸಬಹುದು. ಡಿಕ್ಕಿಯಲ್ಲಿ ಸ್ಟೆಪ್ನಿಯ ಕೆಳಗಿನ ತೂತು, ಹೆಡ್‌ಲೈಟಿನ ಸುತ್ತ ಕಾಣುವ ಗುಳ್ಳೆ ಇವಕ್ಕೂ ಮದ್ದುಂಟು. ಹಿಂದಿನ ಲೀಫ್ ಸ್ಪ್ರಿಂಗ್ ಕಟ್ಟುವ ಜಾಗ ಮತ್ತು ಮುಂದಿನ ಬಾಗಿಲ ಕಂಬದ ಬುಡ, ಎರಡೂ ಪಕ್ಕದಲ್ಲಿ ಪುಡಿಯಾಗಿದ್ದರೆ ಮಾತ್ರ ಬಿಟ್ಟುಬಿಡಿ. ಅಲ್ಲಿ ಎರಡು ಮೂರು ಪದರ ತಗಡು ಒಟ್ಟಿಗಿರುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಬೆಸುಗೆಯನ್ನೇ ಬಿಡಿಸಿಕೊಂಡು ಉಬ್ಬುತ್ತದೆ. ಮೇಲಿನ ಪದರಕ್ಕೆ ತೇಪೆ ಹಾಕಿದವರು ಕೂಲಿ ತೆಗೆದುಕೊಂಡರೇ ಹೊರತು ಕೆಲಸ ಮಾಡಲಿಲ್ಲ. ಇಷ್ಟು ಹೇಳಿದರೂ ಕೆಲವರಿಗೆ ಕೋಪ ಬರುತ್ತದೆ, ಅಪ್ಪನ ಕಾರಲ್ಲವೇ.

ಇತ್ತೀಚೆಗೆ ಇಂಥದೇ ಸ್ಥಿತಿಯ ಒಂದು 1100 ಡಿಲೈಟ್ ಬಂದಿತ್ತು. ಗಟ್ಟಿ ಬಾಡಿಯ ಇನ್ನೊಂದು ಫಿಯೆಟ್ ಹುಡುಕಿ, ಎಂಜಿನ್, ಸೀಟು, ಮೀಟರು ಅದಕ್ಕೆ ಹಾಕೋಣ ಎಂದರು ಮಾಲೀಕರು. ಆದರೆ ಚಾಸಿಸ್ ನಂಬರು ಇರುವುದು ಆ ಬಾಡಿಯ ಮೇಲೆಯೇ. ಬಾಡಿ ಬದಲಾದರೆ ಆರ್‌ಸಿಯಲ್ಲಿರುವ ಕಾರು ಅದಲ್ಲ. ಅವರಿಗೆ ವಿಂಟೇಜ್ ವಾಹನಗಳಿಗೆ ಕೊಡುವ 'ವಿಎ' ನಂಬರಿನ ಆಸೆಯೂ ಇತ್ತು. 2021ರಲ್ಲಿ ಬಂದ ಕೇಂದ್ರದ ನಿಯಮದಂತೆ 50 ವರ್ಷ ದಾಟಿದ ವಾಹನಕ್ಕೆ ಅದು ಸಿಗುತ್ತದೆ, ಹೊಸ ನೋಂದಣಿಗೆ 20,000 ರೂಪಾಯಿ. ಆದರೆ ವಾಹನ ಮೂಲ ರೂಪದಲ್ಲೇ ಇರಬೇಕು, ಚಾಸಿಸ್, ಬಾಡಿ, ಎಂಜಿನ್ ಮಾರ್ಪಟ್ಟಿರಬಾರದು. ಎರಡು ವಾರ ಯೋಚಿಸಿ ಅವರು ಕಾರನ್ನು ಬಿಡಿಭಾಗಕ್ಕೆಂದೇ ಶೆಡ್ಡಿಗೆ ಕೊಟ್ಟರು. ನಾಲ್ಕೂ ಬಾಗಿಲು, ಬಾನೆಟ್ ಕಾರ್ಕಳದ ಇನ್ನೊಂದು ಫಿಯೆಟ್ಟಿಗೆ ಹೋದವು. ಸ್ಟೀರಿಂಗ್ ಚಕ್ರವೊಂದನ್ನು ಮಾತ್ರ ಅವರು ಬಿಚ್ಚಿಸಿಕೊಂಡು ಹೋದರು.