ಸಾಮಾನ್ಯಕ್ಕಿಂತ ಹೆಚ್ಚು

ಪ್ರಾಜೆಕ್ಟ್ ಮ್ಯಾನೇಜರ್ ಆದವನಿಗೆ ರಿಸ್ಕ್ ರಿಜಿಸ್ಟರ್ ಎಂಬ ಎಕ್ಸೆಲ್ ಹಾಳೆ ಮನೆದೇವರಿದ್ದಂತೆ. ದಿನಾ ಪೂಜೆ ಮಾಡದಿದ್ದರೂ ಕಷ್ಟ ಬಂದಾಗ ನೆನೆಯಲೇಬೇಕು. 2024ರ ಏಪ್ರಿಲ್‌ನಲ್ಲಿ ನಾನು ತಯಾರಿಸಿದ ಅಂಥದೊಂದು ಹಾಳೆಯ ಹದಿನೇಳನೇ ಸಾಲಿನಲ್ಲಿ ಹೀಗಿದೆ: ಅಪಾಯ: ಬೇಸಿಗೆಯ ಬಿಸಿಲು. ಸಾಧ್ಯತೆ: ಹೆಚ್ಚು. ಪರಿಣಾಮ: ಕಡಿಮೆ. ಪರಿಹಾರ: ಕೆಲಸಗಾರರಿಗೆ ಟೋಪಿ, ಕುಡಿಯುವ ನೀರು.

‘ಪರಿಣಾಮ ಕಡಿಮೆ’ ಅಂತ ಬರೆದವನು ನಾನೇ. ರಾಯಚೂರು ಜಿಲ್ಲೆಯ ಹಳ್ಳಿಯಲ್ಲಿ ಹುಟ್ಟಿ, ಬಿಸಿಲೆಂದರೆ ನನಗೆ ಗೊತ್ತು ಎಂಬ ಜಂಬದಲ್ಲಿದ್ದವನು.

ಗುರುಗ್ರಾಮಕ್ಕೆ ಬಂದು ಹದಿನಾಲ್ಕು ವರ್ಷ. ಆ ವರ್ಷ ನಮ್ಮ ತಂಡಕ್ಕೆ ಪಶ್ಚಿಮ ರಾಜಸ್ಥಾನದ ಒಂದು ಸೌರ ವಿದ್ಯುತ್ ಘಟಕದ ಕೆಲಸ ಸಿಕ್ಕಿತ್ತು. ಫಲಕಗಳ ಬೆನ್ನಿಗೆ ಸೆನ್ಸರ್ ಅಂಟಿಸಿ, ಯಾವುದು ಎಷ್ಟು ಕಾದಿದೆ, ಎಷ್ಟು ವಿದ್ಯುತ್ ಕೊಡುತ್ತಿದೆ ಎಂದು ಪರದೆಯ ಮೇಲೆ ತೋರಿಸಬೇಕು. ಸೌರ ಫಲಕಕ್ಕೆ ಬಿಸಿಲು ಬೇಕು, ಆದರೆ ಬಿಸಿ ಆಗಿಬರುವುದಿಲ್ಲ. 25 ಡಿಗ್ರಿ ದಾಟಿದ ಮೇಲೆ ಫಲಕ ಒಂದೊಂದು ಡಿಗ್ರಿ ಕಾದಂತೆಲ್ಲ ಉತ್ಪಾದನೆ ಸುಮಾರು ಶೇ. 0.4ರಷ್ಟು ಇಳಿಯುತ್ತದೆ. ಹಾಗಾಗಿ ಫಲಕದ ಜ್ವರ ನೋಡುವುದೇ ನಮ್ಮ ಕೆಲಸ. ಮೇ 31ಕ್ಕೆ ಎಲ್ಲ ಮುಗಿಯಬೇಕೆಂದು ಒಪ್ಪಂದ.

ಏಪ್ರಿಲ್ 1ರಂದು ಹವಾಮಾನ ಇಲಾಖೆ ಬೇಸಿಗೆಯ ಮುನ್ನೋಟ ಹೊರಡಿಸಿತು. ಏಪ್ರಿಲ್‌ನಿಂದ ಜೂನ್‌ವರೆಗೆ ದೇಶದ ಹೆಚ್ಚಿನ ಭಾಗದಲ್ಲಿ ಉಷ್ಣಾಂಶ ಸಾಮಾನ್ಯಕ್ಕಿಂತ ಹೆಚ್ಚಿರಲಿದೆ. 4ರಿಂದ 8 ದಿನ ಬೀಸಬೇಕಾದ ಬಿಸಿಗಾಳಿ ಕೆಲವು ಕಡೆ 10ರಿಂದ 20 ದಿನ ಬೀಸಬಹುದು ಎಂದಿತ್ತು. ಓದಿದೆ. ಅದಕ್ಕೇ ಸಾಧ್ಯತೆಯ ಕಾಲಮ್ಮಿನಲ್ಲಿ ‘ಹೆಚ್ಚು’ ಅಂತ ಬರೆದಿದ್ದು. ವಾರ ಕಳೆದು ಯುಗಾದಿಗೆ ಫೋನ್ ಮಾಡಿದರೆ ಅಪ್ಪ ಗುಡಿಯಲ್ಲಿ ಪಂಚಾಂಗ ಕೇಳಿ ಬಂದು ಈ ವರ್ಷ ಮಳೆ ಎಷ್ಟು, ಬೆಳೆ ಎಷ್ಟು ಎಂದು ಹೇಳತೊಡಗಿದ. ನಾನು ಒಳಗೊಳಗೇ ನಕ್ಕೆ. ಅಪ್ಪ ತನ್ನ ಪಂಚಾಂಗ ಕೇಳಿ ಬೀಜ, ಗೊಬ್ಬರದ ಲೆಕ್ಕವನ್ನಾದರೂ ಹಾಕುತ್ತಿದ್ದ. ನಾನು ನನ್ನ ಪಂಚಾಂಗ ಓದಿ ಎಕ್ಸೆಲ್ ಮುಚ್ಚಿದ್ದೆ.

‘ಸಾಮಾನ್ಯಕ್ಕಿಂತ ಹೆಚ್ಚು’ ಎಂಬ ಮಾತಿನಲ್ಲೇ ಒಂದು ಮೋಸವಿದೆ. ಬೆಂಗಳೂರಿನಲ್ಲಿ ಅದರ ಅರ್ಥ ಫ್ಯಾನನ್ನು ಒಂದು ನಂಬರ್ ಏರಿಸುವುದು. ಥಾರ್ ಮರುಭೂಮಿಯಲ್ಲಿ ಮೇ ತಿಂಗಳ ‘ಸಾಮಾನ್ಯ’ವೇ 41, 42 ಡಿಗ್ರಿ. ಬಯಲುಸೀಮೆಯಲ್ಲಿ 45 ಮುಟ್ಟಿದರೆ ಬಿಸಿಗಾಳಿ, 47 ಮುಟ್ಟಿದರೆ ತೀವ್ರ ಬಿಸಿಗಾಳಿ ಎಂದು ಇಲಾಖೆಯ ಲೆಕ್ಕ. 2016ರ ಮೇ 19ರಂದು ಫಲೋದಿಯಲ್ಲಿ 51 ಡಿಗ್ರಿ ದಾಖಲಾಗಿತ್ತು. ಇವೆಲ್ಲ ನೆರಳಿನ ಲೆಕ್ಕ. ಗಾಳಿಯಾಡುವ ಬಿಳಿ ಮರದ ಪೆಟ್ಟಿಗೆಯಲ್ಲಿ, ನೆಲದಿಂದ ನಾಲ್ಕಡಿ ಎತ್ತರದಲ್ಲಿಟ್ಟ ಥರ್ಮಾಮೀಟರಿನದು. ಬಿಸಿಲಲ್ಲಿ ನಿಂತು ಸ್ಪ್ಯಾನರ್ ತಿರುಗಿಸುವವನ ಲೆಕ್ಕ ಬೇರೆ.

ಮೇ 23ಕ್ಕೆ ನಾನೂ ಫಲೋದಿಗೆ ಹೋದೆ. ಕೆಲಸ ಹಿಂದೆ ಬಿದ್ದಿತ್ತು. ಕಾರಿನ ಬಾಗಿಲು ತೆಗೆದರೆ ಇಟ್ಟಿಗೆ ಭಟ್ಟಿಯ ಬಾಯಿ ತೆರೆದಂತೆ ಲೂ ಗಾಳಿ ಮುಖಕ್ಕೆ ಹೊಡೆಯಿತು. ಸುತ್ತ ಎಲ್ಲ ಒಣಗಿದ್ದರೂ ದಾರಿಯಲ್ಲಿ ಅಲ್ಲೊಂದು ಇಲ್ಲೊಂದು ಮರ ಮಾತ್ರ ಹಸಿರಾಗಿ ನಿಂತಿತ್ತು. ಡ್ರೈವರ್ ‘ಖೇಜ್ಡಿ’ ಎಂದ. ಇಳಿದು ಎಲೆ ನೋಡಿದೆ. ನಮ್ಮ ಬನ್ನಿ! ದಸರೆಯಲ್ಲಿ ಹಿರಿಯರ ಕೈಗಿಟ್ಟು ಕಾಲಿಗೆ ಬೀಳುವ ಅದೇ ಬನ್ನಿ. ಘಟಕದ ಬೇಲಿಯೊಳಗೆ ಮಾತ್ರ ಒಂದೂ ಇರಲಿಲ್ಲ. ಫಲಕದ ಮೇಲೆ ನೆರಳು ಬೀಳಬಾರದಲ್ಲ.

ಆ ರಾತ್ರಿ ಮೊಬೈಲಿನಲ್ಲಿ ನಾಳೆಯ ಎಚ್ಚರಿಕೆ ನೋಡಿದೆ. ಪಶ್ಚಿಮ ರಾಜಸ್ಥಾನ ಪೂರ್ತಿ ಕೆಂಪು. ಗುತ್ತಿಗೆದಾರನ ಮೇಸ್ತ್ರಿ, “ಸಾಬ್, ನಾಳೆ ಏನು ಮಾಡೋಣ?” ಎಂದು ಕೇಳಿದ. ಇನ್ನು ನೂರಾ ಎಂಬತ್ತು ಸೆನ್ಸರ್ ಬಾಕಿ ಇತ್ತು. “ಮಧ್ಯಾಹ್ನ ಒಂದರೊಳಗೆ ಎಷ್ಟಾಗುತ್ತೋ ಅಷ್ಟು ಮಾಡಿ,” ಎಂದೆ. ಅದು ಆಜ್ಞೆಯಲ್ಲ, ಸಲಹೆ ಮಾತ್ರ ಎಂದು ಆಮೇಲೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ.

ಮರುದಿನ ಹನ್ನೊಂದೂವರೆ. ನಾನು ಎಸಿ ಹಾಕಿದ ಕಂಟೇನರ್ ಕೋಣೆಯಲ್ಲಿ ಕೂತು ಪರದೆ ನೋಡುತ್ತಿದ್ದೆ. ಫಲಕದ ಉಷ್ಣಾಂಶ 67. ನಮ್ಮ ಸಾಫ್ಟ್‌ವೇರ್ ಸರಿಯಾಗಿ ಹಳದಿ ಬಣ್ಣಕ್ಕೆ ತಿರುಗಿ ಎಚ್ಚರಿಸಿತು. ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದು ಖುಷಿಯಾಗಿ ಸ್ಕ್ರೀನ್‌ಶಾಟ್ ತೆಗೆಯುತ್ತಿರುವಾಗ ಹೊರಗೆ ಕೂಗಾಟ ಕೇಳಿಸಿತು.

ಇಪ್ಪತ್ತೆರಡು, ಇಪ್ಪತ್ಮೂರರ ಹುಡುಗ. ಬಿಹಾರದವನು. ಫಲಕಗಳ ಸಾಲಿನ ನಡುವೆ ಕುಸಿದು ಕೂತಿದ್ದ. ಹೆಸರು ಕೇಳಿದರೆ ಊರ ಹೆಸರು ಹೇಳುತ್ತಿದ್ದ. ಮೈ ಮುಟ್ಟಿದರೆ ಒಲೆಯ ಮೇಲಿನ ಹಂಚು, ಆದರೆ ಒಂದು ಹನಿ ಬೆವರಿಲ್ಲ. ಒಣ ಗಾಳಿಯಲ್ಲಿ ಬೆವರು ಕಾಣುವ ಮೊದಲೇ ಆರಿಹೋಗುತ್ತದೆ, ಎಷ್ಟು ನೀರು ಕಳೆದುಕೊಂಡೆವೆಂದು ಗೊತ್ತೇ ಆಗುವುದಿಲ್ಲ. ಅವನ ಅಂಗಿಯ ಬೆನ್ನ ಮೇಲೆ ಉಪ್ಪು ಬಿಳಿ ನಕ್ಷೆಯಂತೆ ಕೂತಿತ್ತು. ನಾನು ಬಾಟಲಿ ಹಿಡಿದು ಕುಡಿಸಲು ಹೋದೆ. ಗೇಟಿನ ಮುದುಕ ಕಾವಲುಗಾರ ಕೈ ತಡೆದ. ಎಚ್ಚರ ತಪ್ಪುತ್ತಿರುವವನಿಗೆ ನೀರು ಕುಡಿಸಿದರೆ ಗಂಟಲಿಗೆ ಸಿಕ್ಕೀತು. ಅವನು ತನ್ನ ಪೇಟ ಬಿಚ್ಚಿ ನೀರಲ್ಲಿ ಅದ್ದಿ ಹುಡುಗನಿಗೆ ಸುತ್ತಿದ. ನಾಲ್ವರು ಹೊತ್ತು ಬೇಲಿಯಾಚೆಯ ಖೇಜ್ಡಿ ಮರದಡಿ ಮಲಗಿಸಿದರು. ಗಾಡಿ ಬರುವವರೆಗೂ ಕಾವಲುಗಾರ ಕೊಡ ಕೊಡ ನೀರು ಸುರಿದ. ನಾನು ಲ್ಯಾಪ್‌ಟಾಪಿನ ಬ್ಯಾಗಿನಿಂದ ಗಾಳಿ ಬೀಸಿದೆ. ಎಂಟೆಕ್ ಓದಿದವನಿಗೆ ತಿಳಿದದ್ದು ಅಷ್ಟೇ.

ಹುಡುಗ ಬದುಕಿದ. ನಾಲ್ಕು ದಿನ ಆಸ್ಪತ್ರೆಯಲ್ಲಿದ್ದ. ಅವನು ಸೇರಿದ ಮರುದಿನ ಫಲೋದಿಯಲ್ಲಿ 50 ಡಿಗ್ರಿ.

ಆ ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. ಯಾಕೆಂದು ಗೊತ್ತಿಲ್ಲ. ಎಲ್ಲ ಕೇಳಿ, “ಅಲ್ಲೋ ತಮ್ಮಾ, ನಮ್ಮ ಹೊಲದಾಗ ಆಳು ಮಂದಿ ಹನ್ನೊಂದಕ್ಕ ನೆಳ್ಳಿಗೆ ಬಂದ್ರ ನಾಕು ಗಂಟಿಗೇ ಏಳೋದು. ನಿನಗ ಗೊತ್ತಿರ್ಲಿಲ್ಲೇನು?” ಎಂದ. ಗೊತ್ತಿತ್ತು. ಗೊತ್ತಿದ್ದದ್ದೇ ಈಗಲೂ ಚುಚ್ಚುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಅಪ್ಪನೇ, “ರೋಹಿಣಿ ಕೂಡ್ತು, ಮಾಡ ಆಗ್ಯಾವ,” ಎಂದು ಮಾತು ತಿರುಗಿಸಿದ. ಅವತ್ತು ಮೇ 25. ನಮ್ಮ ಕಡೆ ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಅನ್ನುತ್ತಾರೆ. ಫಲೋದಿಯ ಚಹಾದಂಗಡಿಯಲ್ಲಿ ಅದೇ ರೋಹಿಣಿಯ ಮೊದಲ ಒಂಬತ್ತು ದಿನಕ್ಕೆ ನೌತಪಾ ಎಂದು ಹೆಸರು. ಆ ಒಂಬತ್ತು ದಿನ ನೆಲ ಚೆನ್ನಾಗಿ ಕಾಯಬೇಕು, ಆಗಲೇ ಮಳೆ ಚೆನ್ನಾಗಿ ಬರುವುದು ಎನ್ನುತ್ತಾರೆ. ಒಂಬತ್ತು ದಿನದ ಲೆಕ್ಕ ನಂಬಿಕೆ ಇರಬಹುದು. ಆದರೆ ಥಾರ್, ಸಿಂಧ್ ಕಡೆಯ ನೆಲ ಕಾದು ಅಲ್ಲಿ ಗಾಳಿಯ ಒತ್ತಡ ಕುಸಿಯುವುದೂ ಮುಂಗಾರನ್ನು ದೇಶದೊಳಕ್ಕೆ ಎಳೆಯುವ ಕಾರಣಗಳಲ್ಲಿ ಒಂದು ಎಂಬುದು ನಿಜ. ಮುಂಗಾರು ಅಲ್ಲಿ ಕೊನೆಯದಾಗಿ, ಜುಲೈ ಹೊತ್ತಿಗೆ ತಲುಪುತ್ತದೆ.

ಕೆಲಸ ನಿಲ್ಲಿಸಿದೆ. ಆಮೇಲೆ ಬೆಳಿಗ್ಗೆ ಐದರಿಂದ ಒಂಬತ್ತೂವರೆವರೆಗೆ ಮಾತ್ರ ಮಾಡಿಸಿದೆವು. ಇಪ್ಪತ್ತೆರಡು ದಿನ ತಡವಾಯಿತು. ಗ್ರಾಹಕರು ದಂಡ ಹಿಡಿದರು, ಆ ವರ್ಷದ ನನ್ನ ರೇಟಿಂಗೂ ಇಳಿಯಿತು. ಹೇಳಿಕೊಳ್ಳುವಂಥ ತ್ಯಾಗವೇನಲ್ಲ.

ಫಲಕಕ್ಕೆ ಜ್ವರ ಬಂದರೆ ಹಳದಿಯಾಗುವ ಪರದೆಯಲ್ಲಿ ಈಗ ಇನ್ನೊಂದು ಚೌಕವಿದೆ. ಹವಾಮಾನ ಇಲಾಖೆಯ ಜಿಲ್ಲಾವಾರು ಎಚ್ಚರಿಕೆ ಅದರಲ್ಲಿ ಬರುತ್ತದೆ. ಕಿತ್ತಳೆ ಬಣ್ಣವಾದರೆ ಹತ್ತು ಗಂಟೆಯ ಮೇಲೆ ಹೊರಗಿನ ಕೆಲಸಕ್ಕೆ ಪರವಾನಗಿ ಕೊಡುವುದಿಲ್ಲ. ಬರೆಯಲು ಎರಡು ದಿನ ಹಿಡಿದ ಕೋಡ್. ಏಪ್ರಿಲ್‌ನಲ್ಲೇ ಬರೆಯಬಹುದಿತ್ತು.

ಆ ಹಳೆಯ ಹಾಳೆಯನ್ನು ಅಳಿಸಿಲ್ಲ, ತಿದ್ದಿಯೂ ಇಲ್ಲ. ಪ್ರತಿ ವರ್ಷ ಬೇಸಿಗೆಯ ಮುನ್ನೋಟ ಬಂದ ದಿನ ಒಮ್ಮೆ ತೆರೆದು ಹದಿನೇಳನೇ ಸಾಲು ಓದುತ್ತೇನೆ. ಆಮೇಲೆ ಹೊಸ ಹಾಳೆಗೆ ಹೋಗಿ ಮೊದಲ ಸಾಲಿನಲ್ಲೇ ಬಿಸಿಲು ಎಂದು ಬರೆಯುತ್ತೇನೆ.